ಮುಖ ಕಂಡರೂ ಗುರುತು ಹತ್ತದೇಕೆ?

ವಯೋವೃದ್ಧರನ್ನು ಚಿಕಿತ್ಸಾಲಯಕ್ಕೆ ಕರೆತರುವ ಮಕ್ಕಳು ಈಚೆಗೆ ನಮ್ಮ ಮುಂದೆ ಪದೇ ಪದೇ ಇಡುವ ದೂರೊಂದಿದೆ: “ಅವ್ವಗ ನಮ್ಮ ಗುರುತ ಹತ್ತವಲ್ದರೀ.” ಇದನ್ನು ಕೇಳಿದೊಡನೆ ಅರಳುಮರಳೆಂದು ತೀರ್ಮಾನಿಸುವುದು ರೂಢಿಯಾಗಿಬಿಟ್ಟಿದೆ. ಹಾಗೆ ತೀರ್ಮಾನಿಸುವ ಮುನ್ನ, ಗುರುತಿಸುವ ಕ್ರಿಯೆ ಹೇಗೆ ನಡೆಯುತ್ತದೆಂಬುದನ್ನು ಸದ್ಭಕ್ತರು ಅರಿಯುವುದು ಒಳಿತು.

ನಾವೂ ಈ ವಿಷಯದಲ್ಲಿ ನಿರ್ದೋಷಿಗಳಲ್ಲ. ಜಾತ್ರೆಯ ತೇರಿನ ದಿನ ಗದುಗಿನ ಜನಜಂಗುಳಿಯಲ್ಲಿ ತಾಯಿಯೊಬ್ಬರು ಕೈಮುಗಿದರು. ನಾವು ಸುಮ್ಮನೆ ತಲೆಯಾಡಿಸಿ ಮುಂದೆ ನಡೆದೆವು. “ಗುರ್ತ ಹತ್ತಲಿಲ್ಲೇನ್ರಿ ಡಾಕ್ಟರ್ರ?” ಎಂದಾಗ ಆ ದನಿಯಿಂದಲೇ ತಿಳಿಯಿತು, ಹನ್ನೆರಡು ವರ್ಷಗಳಿಂದ ಮಂಡಿನೋವಿಗೆ ನಮ್ಮಲ್ಲಿಗೆ ಬರುವವರು! ಚಿಕಿತ್ಸಾಲಯದ ಬೆಂಚಿನ ಮೇಲಾಗಿದ್ದರೆ ಅವರನ್ನು ಕ್ಷಣದಲ್ಲಿ ಗುರುತಿಸುತ್ತಿದ್ದೆವು. ನಮ್ಮ ಕಣ್ಣಿನಲ್ಲಿ ದೋಷವಿರಲಿಲ್ಲ, ಮರೆವೂ ಇರಲಿಲ್ಲ. ಸ್ಥಳ ಬದಲಾಗಿತ್ತು, ಅಷ್ಟೆ.

ಆದರೂ ಸಾಮಾನ್ಯವಾಗಿ ಗುರುತು ತಪ್ಪದೆ ಸಿಗುತ್ತದೆ, ಸೋಜಿಗವಿರುವುದು ಅಲ್ಲಿ. ಐದು ಅಡಿ ದೂರದಲ್ಲಿದ್ದ ಮಗ ಐವತ್ತು ಅಡಿ ದೂರ ಸರಿದರೆ, ಕಣ್ಣಿನ ಒಳಪರದೆಯ ಮೇಲೆ ಬೀಳುವ ಅವನ ಬಿಂಬದ ಎತ್ತರ ಹತ್ತರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಮಗ ಕುಗ್ಗಿದನೆಂದು ಯಾವ ತಾಯಿಯೂ ಭಾವಿಸಳು. ಮಧ್ಯಾಹ್ನದ ಬಿಸಿಲಿನಲ್ಲಿ ಹಿಡಿದ ಕರಿಯ ಕೊಡೆಯು ರಾತ್ರಿ ದೀಪದಡಿಯ ಬಿಳಿಯ ಧೋತರಕ್ಕಿಂತ ಹೆಚ್ಚು ಬೆಳಕನ್ನು ಕಣ್ಣಿಗೆ ಕಳುಹಿಸುತ್ತದೆ. ಆದರೂ ಕೊಡೆ ಕರಿದಾಗಿಯೇ, ಧೋತರ ಬಿಳಿದಾಗಿಯೇ ತೋರುತ್ತವೆ. ಬಿಂಬ ಎಷ್ಟು ಬದಲಾದರೂ ಮಿದುಳು ದೂರ, ಬೆಳಕು, ಓರೆಗಳ ಲೆಕ್ಕ ಹಾಕಿ ವಸ್ತುವನ್ನು ಸ್ಥಿರವಾಗಿ ನಿಲ್ಲಿಸುತ್ತದೆ.

ಆ ಲೆಕ್ಕಕ್ಕೆ ನೆರಳೂ ಬೇಕು. ಲಕ್ಕುಂಡಿಯ ಕಾಶಿವಿಶ್ವೇಶ್ವರ ದೇವಾಲಯದ ಕೆತ್ತನೆಯನ್ನು ಓರೆ ಬಿಸಿಲಿನಲ್ಲಿ ನೋಡಿದವರು ಬಲ್ಲರು: ಬಳ್ಳಿಗಳು ಕಲ್ಲಿನಿಂದ ಎದ್ದು ಬಂದಂತಿರುತ್ತವೆ. ಬೆಳಕು ಮೇಲಿನಿಂದ ಬೀಳುವುದೇ ಮಿದುಳಿಗೆ ರೂಢಿ. ಆದ್ದರಿಂದ ಕತ್ತಲೆಯಲ್ಲಿ ಗದ್ದದ ಕೆಳಗಿನಿಂದ ಟಾರ್ಚ್ ಹಿಡಿದರೆ ಮನೆಯವರ ಮುಖವೇ ಅಪರಿಚಿತವಾಗುತ್ತದೆ. ಮದುವೆಯ ಗುಂಪು ಫೋಟೋವನ್ನು ತಲೆಕೆಳಗು ಹಿಡಿದು ನೋಡಿರಿ. ಕುರ್ಚಿ, ಹಾರಗಳು ಕೂಡಲೆ ತಿಳಿಯುವವು. ಮುಖಗಳು ಮಾತ್ರ ತಡವರಿಸುವಂತೆ ಮಾಡುವವು. ಮುಖವನ್ನು ನಾವು ಕಣ್ಣು, ಮೂಗು, ಬಾಯಿಗಳೆಂದು ಬಿಡಿಬಿಡಿಯಾಗಿ ಓದದೆ ಒಟ್ಟಾಗಿ ಓದುವುದೇ ಇದಕ್ಕೆ ಕಾರಣವೆನ್ನುತ್ತಾರೆ. 1969ರಲ್ಲಿ ರಾಬರ್ಟ್ ಯಿನ್ ಎಂಬ ವಿಜ್ಞಾನಿ ಈ ವ್ಯತ್ಯಾಸವನ್ನು ಪ್ರಯೋಗದಿಂದ ತೋರಿಸಿದರು.

ನಮ್ಮ ಚರಕಾಚಾರ್ಯರು ಸೂತ್ರಸ್ಥಾನದ 11ನೆಯ ಅಧ್ಯಾಯದಲ್ಲಿ, ಎದುರಿಗಿರುವ ವಸ್ತುವೂ ಕಾಣದೆ ಹೋಗಲು ಎಂಟು ಕಾರಣಗಳನ್ನು ಹೇಳಿದ್ದಾರೆ: ಅತಿ ಸಮೀಪ, ಅತಿ ದೂರ, ನಡುವಣ ಮರೆ, ಇಂದ್ರಿಯದ ದೌರ್ಬಲ್ಯ, ಮನಸ್ಸಿನ ಅಸ್ಥಿರತೆ, ಸಮಾನ ವಸ್ತುಗಳಲ್ಲಿ ಬೆರೆತುಹೋಗುವಿಕೆ, ಪ್ರಬಲವಾದ ಇನ್ನೊಂದರಿಂದ ಮಂಕಾಗುವ ಅಭಿಭವ, ಅತಿ ಸೂಕ್ಷ್ಮತೆ. ಜಾತ್ರೆಯಲ್ಲಿ ನಮಗಾದುದರಲ್ಲಿ ಇವುಗಳಲ್ಲಿ ಎರಡಾದರೂ ಇದ್ದವು. ಭೇಲಸಂಹಿತೆಯು ಆಲೋಚಕ ಪಿತ್ತವನ್ನು ಚಕ್ಷುರ್ವೈಶೇಷಿಕ, ಬುದ್ಧಿವೈಶೇಷಿಕ ಎಂದು ಎರಡಾಗಿ ವಿಂಗಡಿಸುತ್ತದೆ; ಮೊದಲನೆಯದು ಕಣ್ಣಿಗೆ ಸೇರಿದ್ದು, ಎರಡನೆಯದು ಬುದ್ಧಿಗೆ. ಇಂದಿನ ನರವಿಜ್ಞಾನವೆಲ್ಲ ಅದರಲ್ಲಿಯೇ ಇದೆಯೆಂದು ನಾವು ಹೇಳಲಾರೆವು. ಆದರೆ ಕಾಣುವುದು ಬೇರೆ, ಗುರುತಿಸುವುದು ಬೇರೆ ಎಂಬ ವಿವೇಕ ಅಲ್ಲಿದೆ. 1947ರಲ್ಲಿ ಬೋಡಾಮರ್ ಎಂಬ ಜರ್ಮನ್ ವೈದ್ಯರು, ತಲೆಗೆ ಪೆಟ್ಟು ಬಿದ್ದ ಬಳಿಕ ಕಣ್ಣು ಮೂಗುಗಳನ್ನು ಸರಿಯಾಗಿ ಕಂಡರೂ ಮುಖ ಯಾರದೆಂದು ತಿಳಿಯದ ರೋಗಿಗಳನ್ನು ವರ್ಣಿಸಿದರು. ಪ್ರಸಿದ್ಧ ನರವೈದ್ಯ ಆಲಿವರ್ ಸ್ಯಾಕ್ಸ್ ಅವರಿಗೆ ಈ ತೊಂದರೆ ಜೀವನದುದ್ದಕ್ಕೂ ಇತ್ತು. (ಕುರಿಗಳೇ ಈ ವಿದ್ಯೆಯಲ್ಲಿ ಗಟ್ಟಿ. 2001ರಲ್ಲಿ ಪ್ರಕಟವಾದ ಇಂಗ್ಲೆಂಡಿನ ಅಧ್ಯಯನವೊಂದರಲ್ಲಿ ಅವು 50 ಕುರಿಗಳ ಮುಖಗಳನ್ನು ಎರಡು ವರ್ಷಕ್ಕೂ ಹೆಚ್ಚು ಕಾಲ ನೆನಪಿಟ್ಟವು. ಕಪ್ಪತಗುಡ್ಡದ ಸೆರಗಿನ ಕುರಿಗಾರರು ಇದನ್ನು ಕೇಳಿದರೆ, ಇದಕ್ಕೆ ಇಂಗ್ಲೆಂಡಿಗೆ ಹೋಗಬೇಕಿತ್ತೆ ಎಂದಾರು.)

ಇನ್ನು ಮೊದಲಿನ ದೂರಿಗೆ ಬರೋಣ. ಶಿರಹಟ್ಟಿ ತಾಲೂಕಿನ ಹಳ್ಳಿಯೊಂದರಿಂದ ಎಪ್ಪತ್ತೆಂಟು ವಯಸ್ಸಿನ ತಾಯಿಯನ್ನು ಮಗ ಕರೆತಂದಿದ್ದರು. ಪುಣೆಯಲ್ಲಿ ನೌಕರಿಯಲ್ಲಿರುವ ಅವರು ಯುಗಾದಿಗೆ ಬಂದು ತಲೆಬಾಗಿಲಲ್ಲಿ ನಿಂತಾಗ, ತಾಯಿ “ಯಾರ ಬೇಕಾಗಿತ್ತಪಾ?” ಎಂದು ಕೇಳಿದ್ದರಂತೆ. ಹೇಳುವಾಗ ಮಗನ ಕಣ್ಣು ತುಂಬಿದವು. ಮನೆಯವರು ಯಾರದೋ ಮಾತು ಕೇಳಿ ಬ್ರಾಹ್ಮೀ ಘೃತ ಕೊಡತೊಡಗಿದ್ದರು.

ನಾವು ಮಗನನ್ನು ಬಾಗಿಲಿನ ಬೆಳಕಿಗೆ ಬೆನ್ನುಮಾಡಿ ಮೌನವಾಗಿ ನಿಲ್ಲಿಸಿದೆವು. ತಾಯಿಗೆ ತಿಳಿಯಲಿಲ್ಲ. ಕಿಟಕಿಯ ಬೆಳಕು ಮುಖದ ಮೇಲೆ ಬೀಳುವಂತೆ ಹತ್ತಿರ ಕೂಡಿಸಿದಾಗ, ಅವರು ಮಾತಾಡುವ ಮೊದಲೇ “ಇಂವಾ ನನ್ನ ಮಗಾ ಅಲ್ಲೇನ್ರಿ?” ಎಂದರು. ಮೊಮ್ಮಕ್ಕಳ ಹೆಸರು, ಹಿಂದಿನ ದಿನದ ಅಡಿಗೆ, ಜೋಳ ಮಾರಿದ ದರ ಎಲ್ಲವನ್ನೂ ತಪ್ಪಿಲ್ಲದೆ ಹೇಳಿದರು. ಬುದ್ಧಿ ನಿಚ್ಚಳವಾಗಿತ್ತು, ಎರಡೂ ಕಣ್ಣುಗಳಲ್ಲಿ ಪೊರೆ ಬಂದಿತ್ತು. ಮಸುಕಾದ ಮಸೂರದಲ್ಲಿ ಬಾಗಿಲಿನ ಬೆಳಕು ಚೆದುರಿ, ಅದರ ಮುಂದೆ ನಿಂತ ಮುಖ ಕರಿಯ ಆಕೃತಿಯಾಗಿಬಿಡುತ್ತಿತ್ತು. ಚರಕರ ಅಭಿಭವ, ಇಂದ್ರಿಯ ದೌರ್ಬಲ್ಯ ಎರಡೂ ಅಲ್ಲಿದ್ದವು.

ನಾವು ಆಯುರ್ವೇದದವರಾಗಿಯೇ ಹೇಳುತ್ತೇವೆ: ಪೊರೆಯನ್ನು ಕರಗಿಸುವ ಹನಿಯಾಗಲಿ ಅಂಜನವಾಗಲಿ ಇಲ್ಲ. ಸುಶ್ರುತರೂ ಇಂಥ ಲಿಂಗನಾಶಕ್ಕೆ ಶಸ್ತ್ರವನ್ನೇ ಹೇಳಿದರು. ಇಂದಿನ ವಿಧಾನ ಅದಕ್ಕಿಂತ ಬಹಳ ಸುರಕ್ಷಿತ. ಪೊರೆ ಪೂರ್ತಿ ಬಲಿಯಲೆಂದು ಕಾಯುವ ಹಳೆಯ ಪದ್ಧತಿಯನ್ನು ಬಿಡಬೇಕು. 1976ರಲ್ಲಿ ಆರಂಭವಾದ ರಾಷ್ಟ್ರೀಯ ಅಂಧತ್ವ ನಿಯಂತ್ರಣ ಕಾರ್ಯಕ್ರಮದಡಿ ಸರಕಾರಿ ಆಸ್ಪತ್ರೆಗಳಲ್ಲಿ ಈ ಚಿಕಿತ್ಸೆ ಉಚಿತವಾಗಿ ದೊರೆಯುತ್ತದೆ. ಆ ತಾಯಿ ಶಸ್ತ್ರಚಿಕಿತ್ಸೆಯ ಬಳಿಕ ಬಂದು ನಮ್ಮನ್ನು ದಿಟ್ಟಿಸಿ, “ನಿಮ್ಮ ತಲಿ ಎಲ್ಲಾ ಬೆಳ್ಳಗಾಗೇದಲ್ರೀ!” ಎಂದು ಉದ್ಗರಿಸಿದರು.

ಎಲ್ಲರದೂ ಹೀಗೆ ಸರಳವಿರುವುದಿಲ್ಲ. ಬೆಳಕು ಸರಿಯಿದ್ದು, ದನಿ ಕೇಳಿದರೂ ಮಗನೆಂದು ತಿಳಿಯದಿದ್ದರೆ, ಈಗಷ್ಟೇ ಉಂಡದ್ದನ್ನೂ ಮರೆಯುತ್ತಿದ್ದರೆ, ನರರೋಗ ತಜ್ಞರಿಗೆ ತೋರಿಸಬೇಕು. ಮಧುಮೇಹಿಗಳು ವರ್ಷಕ್ಕೊಮ್ಮೆ ಕಣ್ಣಿನ ಒಳಪರದೆಯ ಪರೀಕ್ಷೆ ಮಾಡಿಸಲೇಬೇಕು. ಅದರ ನಡುಭಾಗ ಕೆಟ್ಟರೆ ಎದುರಿನವರ ಉಡುಪು ಕಂಡರೂ ಮುಖ ಕಾಣದು. ನಿನ್ನೆಯವರೆಗೆ ಗುರುತಿಸುತ್ತಿದ್ದವರು ಇಂದು ಒಮ್ಮೆಲೇ ಗುರುತಿಸದಾದರೆ, ಬಾಯಿ ಸೊಟ್ಟಗಾದರೆ, ಕೈ ಸೋತರೆ, ಮಾತು ತೊದಲಿದರೆ ಒಂದು ನಿಮಿಷವನ್ನೂ ಕಳೆಯದೆ ದೊಡ್ಡ ಆಸ್ಪತ್ರೆಗೆ ಒಯ್ಯಿರಿ. ಪಾರ್ಶ್ವವಾಯುವಿನಲ್ಲಿ ರಕ್ತದ ಗಡ್ಡೆ ಕರಗಿಸುವ ಚುಚ್ಚುಮದ್ದನ್ನು ಸಾಮಾನ್ಯವಾಗಿ ನಾಲ್ಕೂವರೆ ತಾಸಿನೊಳಗೆ ಕೊಡಬೇಕಾಗುತ್ತದೆ. ಅಲ್ಲಿಯವರೆಗೆ ನಮ್ಮಂಥವರ ಬಾಗಿಲಲ್ಲಿ ಕೂರುವುದು ಬೇಡ.

ಕೊನೆಗೆ ನೆಂಟರಿಗೊಂದು ಬಿನ್ನಹ. ಹಿರಿಯರೆದುರು ಬಾಗಿಲಿಗೆ ಬೆನ್ನುಮಾಡಿ ನಿಂತು “ನಾ ಯಾರ ಹೇಳ ನೋಡೂಣು” ಎಂದು ಎಲ್ಲರ ಮುಂದೆ ಪರೀಕ್ಷೆಗೊಡ್ಡುವುದನ್ನು ದಯಮಾಡಿ ನಿಲ್ಲಿಸಿರಿ. ಮೊದಲು ಹೆಸರು ಹೇಳಿರಿ. ಬೆಳಕು ನಿಮ್ಮ ಮುಖದ ಮೇಲೆ ಬೀಳುವಂತೆ ಅವರ ಹತ್ತಿರ ಕುಳಿತು ಮಾತಾಡಿಸಿರಿ.