ಕೊಸರಿನ ಗಂಟೆಗಳು

ಕಳೆದ ತಿಂಗಳ ಒಂದು ಭಾನುವಾರ ಸಂಜೆ ನಮ್ಮ ವಾಚನಾಲಯದ ಉದ್ದ ಮೇಜಿನ ಮೇಲಿನ ಪತ್ರಿಕೆಗಳನ್ನು ಮಡಿಸಿಡುತ್ತಿದ್ದೆ. ಧಾರವಾಡದ ಕಡೆಯ ಒಬ್ಬ ತರುಣ ನಾಲ್ಕು ಪುಟದ ಕರಾರು ಪತ್ರವೊಂದನ್ನು ತಂದು ನನ್ನ ಮುಂದಿಟ್ಟ. ಇಂಗ್ಲಿಷ್ ಮುಖ್ಯ ವಿಷಯವಾಗಿ ಬಿ.ಎ. ಮಾಡಿ ಇಲ್ಲಿಯ ಒಂದು ಕಚೇರಿಯಲ್ಲಿ ಗುಮಾಸ್ತನಾಗಿರುವವನು. ಜಪಾನಿನ ಓಸಾಕಾ ನಗರದ ಒಂದು ಖಾಸಗಿ ಪಾಠಶಾಲೆ ಅವನನ್ನು ಇಂಗ್ಲಿಷ್ ಮೇಷ್ಟರ ಕೆಲಸಕ್ಕೆ ಕರೆದಿದೆ. “ಕಾಕಾ, ವಾರಕ್ಕ ಬರೇ ಇಪ್ಪತ್ತೊಂಬತ್ತೂವರೆ ತಾಸು ಕೆಲಸ. ಇಲ್ಲಿ ನಾ ನಲವತ್ತೆಂಟು ತಾಸು ದುಡೀತೀನಿ. ಸಹಿ ಮಾಡಿಬಿಡ್ಲೇನು?” ಎಂದು ಕೇಳಿದ.

ಸಂಬಳದ ಅಂಕಿ ಚೆನ್ನಾಗಿಯೇ ಇತ್ತು. ಆದರೆ ಆ ಇಪ್ಪತ್ತೊಂಬತ್ತೂವರೆ ಎಂಬ ಅಂಕಿ ನನಗೆ ಹಿಡಿಸಲಿಲ್ಲ. ಮೂವತ್ತಲ್ಲ, ಇಪ್ಪತ್ತೆಂಟಲ್ಲ, ಇದೇನು ಅರ್ಧ ಗಂಟೆಯ ಲೆಕ್ಕ? ಅದರ ಗುಟ್ಟು ತಿಳಿದರೆ ಪರದೇಶದ ಇಂಗ್ಲಿಷ್ ಮೇಷ್ಟರ ಕಷ್ಟದ ಮುಕ್ಕಾಲು ಪಾಲು ತಿಳಿದಂತೆ. ಆದಕಾರಣ ಈ ತಿಂಗಳ ಪಾಠಕ್ಕೆ ಅದನ್ನೇ ಆರಿಸಿಕೊಂಡಿದ್ದೇನೆ.

ಸಂತೆಯಲ್ಲಿ ಕಾಯಿಪಲ್ಯ ಕೊಂಡ ಮೇಲೆ ನಾವು ಕೊಸರು ಕೇಳುತ್ತೇವೆ. ಮಾರುವವಳು ಎರಡು ಹಸಿಮೆಣಸಿನಕಾಯಿ, ಒಂದೆಸಳು ಕೊತ್ತಂಬರಿ ಚೀಲಕ್ಕೆ ಹಾಕುತ್ತಾಳೆ. ಜಪಾನೀಯರು ಇಂಥ ಕೊಸರಿಗೆ ‘ಸಾಬಿಸು’ ಎನ್ನುತ್ತಾರೆ. ಇಂಗ್ಲಿಷಿನ ‘ಸರ್ವಿಸ್’ ಶಬ್ದವೇ ಅಲ್ಲಿಗೆ ಹೋಗಿ ‘ಪುಕ್ಕಟೆ’ ಎಂಬ ಅರ್ಥ ಪಡೆದಿದೆ. ಅಲ್ಲಿಯ ಕಾರ್ಮಿಕರು ಸಂಬಳವಿಲ್ಲದೆ ಮಾಡುವ ಹೆಚ್ಚುವರಿ ಕೆಲಸಕ್ಕೆ ‘ಸಾಬಿಸು ಝಾಂಗ್ಯೋ’ ಎಂದು ಹೆಸರು; ಅಂದರೆ ಕೊಸರಿನ ಓವರ್‌ಟೈಮು. ಕೊಸರು ಕೊಡುವುದು ಮಾರುವವಳ ಇಷ್ಟ. ದುಡಿಮೆಯ ಕೊಸರನ್ನು ಮಾತ್ರ ಕೊಂಡವನೇ ಚೀಲದಿಂದ ಎತ್ತಿಕೊಳ್ಳುತ್ತಾನೆ, ವ್ಯತ್ಯಾಸ ಇಷ್ಟೆ.

ಜಪಾನಿನಲ್ಲಿ ರೈಲು ನಿಲ್ದಾಣಗಳ ಎದುರಿಗೆ ಅಂಗಡಿಸಾಲಿನ ಎರಡನೆಯ, ಮೂರನೆಯ ಮಾಳಿಗೆಗಳಲ್ಲಿ ‘ಏಕಾಯ್ವ’ ಶಾಲೆಗಳು ಇವೆ. ಏಕಾಯ್ವ ಎಂದರೆ ಇಂಗ್ಲಿಷ್ ಸಂಭಾಷಣೆ. ಕಚೇರಿ ಬಿಟ್ಟು ಬರುವ ನೌಕರರೂ ಶಾಲೆ ಬಿಟ್ಟ ಮಕ್ಕಳೂ ಹಣ ಕೊಟ್ಟು ಅಲ್ಲಿ ಮಾತು ಕಲಿಯುತ್ತಾರೆ. ಪಾಠ 40 ಅಥವಾ 50 ನಿಮಿಷ. ನಡುವೆ ಐದೋ ಹತ್ತೋ ನಿಮಿಷ ಬಿಡುವು. ಮೇಷ್ಟರು ಬಹುಮಟ್ಟಿಗೆ ಪರದೇಶದವರು. 2011ರ ಆಗಸ್ಟ್ 1ರಂದು ಜಾರಿಗೆ ಬಂದ ಭಾರತ–ಜಪಾನ್ ಆರ್ಥಿಕ ಒಪ್ಪಂದದಲ್ಲಿ ನಮ್ಮವರು ಅಲ್ಲಿ ಹೋಗಿ ಮಾಡಬಹುದಾದ ಉದ್ಯೋಗಗಳ ಪೈಕಿ ಯೋಗ, ಶಾಸ್ತ್ರೀಯ ಸಂಗೀತ ನೃತ್ಯಗಳು ಹಾಗೂ ಭಾರತೀಯ ಅಡುಗೆಯ ಜೊತೆಗೆ ಇಂಗ್ಲಿಷ್ ಬೋಧನೆಯೂ ಸೇರಿದೆ. ಆದಕಾರಣ ನಮ್ಮ ತರುಣನಂಥವರು ಆ ಕಡೆ ಮುಖ ಮಾಡುವುದು ಆಶ್ಚರ್ಯವಲ್ಲ.

ಈಗ ಲೆಕ್ಕಕ್ಕೆ ಬರೋಣ. ಕಾಗದ ಪೆನ್ಸಿಲು ತೆಗೆದುಕೊಂಡು ನೀವೂ ಹಾಕಿ ನೋಡಿ.

ಒಬ್ಬ ಮೇಷ್ಟರು ದಿನಕ್ಕೆ ಎಂಟು ಪಾಠ ಹೇಳುತ್ತಾರೆ ಎಂದಿಟ್ಟುಕೊಳ್ಳಿ. ಒಂದೊಂದು ಪಾಠ 40 ನಿಮಿಷ. 8×40, ಅಂದರೆ 320 ನಿಮಿಷ; 5 ಗಂಟೆ 20 ನಿಮಿಷ. ಕರಾರಿನಲ್ಲಿ ‘ಪಾಠದ ಗಂಟೆ’ ಎಂದು ಬರೆದಿದ್ದರೆ ಸಂಬಳ ಇಷ್ಟಕ್ಕೇ. ಆದರೆ ಎಂಟು ಪಾಠಗಳ ನಡುವೆ ಏಳು ಬಿಡುವುಗಳು ಇವೆ. ತಲಾ ಹತ್ತು ನಿಮಿಷದಂತೆ 70 ನಿಮಿಷ. ಆ ಹೊತ್ತಿನಲ್ಲಿ ಮೇಷ್ಟರು ಚಹಾ ಕುಡಿಯುತ್ತಾರೆಯೇ? ಇಲ್ಲ. ಹೋದ ವಿದ್ಯಾರ್ಥಿ ಏನು ಕಲಿತ ಎಂದು ಅವನ ಕಡತದಲ್ಲಿ ಬರೆಯಬೇಕು. ಬರುವವನ ಕಡತ ತೆಗೆದು ಓದಬೇಕು, ಬಾಗಿಲ ತನಕ ಹೋಗಿ ನಗುಮುಖದಿಂದ ಕರೆತರಬೇಕು. ಇದಲ್ಲದೆ ಮೊದಲ ಪಾಠಕ್ಕೆ ಹದಿನೈದು ನಿಮಿಷ ಮುಂಚೆ ಬರಬೇಕೆಂಬ ನಿಯಮ. ಕೊನೆಯ ಪಾಠದ ಮೇಲೆ ಮೇಜು ಕುರ್ಚಿ ಒರೆಸಿ, ಮಕ್ಕಳ ಆಟದ ಸಾಮಾನು ಎತ್ತಿಟ್ಟು ಹೋಗಲು ಇನ್ನು ಹದಿನೈದು. ಒಟ್ಟು 320, 70, 30 ಸೇರಿ 420 ನಿಮಿಷ. ಸರಿಯಾಗಿ ಏಳು ಗಂಟೆ. ಊಟದ ವಿರಾಮವನ್ನು ಇದರಲ್ಲಿ ಸೇರಿಸಿಲ್ಲ.

ದಿನಕ್ಕೆ 1 ಗಂಟೆ 40 ನಿಮಿಷ ಕೊಸರು ಹೋಯಿತು. ಐದು ದಿನಕ್ಕೆ 8 ಗಂಟೆ 20 ನಿಮಿಷ; ವರ್ಷದಲ್ಲಿ 48 ವಾರ ಕೆಲಸವೆಂದರೆ 400 ಗಂಟೆ. ಗಂಟೆಗೆ 2,000 ಯೆನ್ ಎಂದು ಹಿಡಿದರೆ 8 ಲಕ್ಷ ಯೆನ್. ಹತ್ತು ನಿಮಿಷದ ಕೊತ್ತಂಬರಿ ಎಸಳು ವರ್ಷದ ಕೊನೆಗೆ ಎಷ್ಟು ದೊಡ್ಡ ಗಂಟಾಯಿತು ನೋಡಿ! ಪಾಠದ ತಯಾರಿಯನ್ನು ಮನೆಯಲ್ಲಿ ಮಾಡುವುದು, ಕ್ರಿಸ್‌ಮಸ್ ಕೂಟದಲ್ಲಿ ವೇಷ ಹಾಕುವುದು, ನಿಲ್ದಾಣದ ಮುಂದೆ ನಿಂತು ಜಾಹೀರಾತು ಚೀಟಿ ಹಂಚುವುದು, ಇವು ಕೆಲವು ಕಡೆ ಬೇರೆ ಉಂಟು.

ಈಗ 29.5ರ ಗುಟ್ಟು. ಜಪಾನಿನ ಕಾಯಿದೆಯ ಪ್ರಕಾರ ಪೂರ್ಣಾವಧಿ ವಾರ 40 ಗಂಟೆ. ಪೂರ್ಣಾವಧಿ ನೌಕರನ ಕೆಲಸದ ಮುಕ್ಕಾಲು ಪಾಲು ದುಡಿಯುವವನನ್ನು ಮಾಲೀಕನು ನೌಕರರ ಆರೋಗ್ಯ ವಿಮೆಗೂ ಪಿಂಚಣಿಗೂ ಸೇರಿಸಲೇಬೇಕು. 40ರ ಮುಕ್ಕಾಲು 30. ಕರಾರಿನಲ್ಲಿ ಅರ್ಧ ಗಂಟೆ ಕಡಿಮೆ ಬರೆದುಬಿಟ್ಟರೆ ಆ ಹೊರೆ ತಪ್ಪಿತು. ಪಿಂಚಣಿಯ ವಂತಿಗೆ ಸಂಬಳದ ಶೇಕಡ 18.3; ಅದರಲ್ಲಿ ಅರ್ಧ ಮಾಲೀಕನ ಕೈಯಿಂದ ಹೋಗಬೇಕಾದ್ದು. ಆ ಅರ್ಧ ಗಂಟೆಯ ಬೆಲೆ ಅಷ್ಟು. ನಮ್ಮ ಲೆಕ್ಕದ ಮೇಷ್ಟರು ನಿಜವಾಗಿ ದುಡಿದದ್ದು ವಾರಕ್ಕೆ 35 ಗಂಟೆ ಎಂಬುದನ್ನು ಮರೆಯಬೇಡಿ. ಕೊಸರು ಗಂಟೆಗಳು ಲೆಕ್ಕಕ್ಕೆ ಬಾರದಿದ್ದರೆ ಕೂಲಿಯೂ ಹೋಗುತ್ತದೆ, ಪಿಂಚಣಿಯೂ ಹೋಗುತ್ತದೆ. ಈಚೆಗೆ ಈ ಕಿಂಡಿ ಕಿರಿದಾಗುತ್ತಿದೆ. ಅಕ್ಟೋಬರ್ 2024ರಿಂದ 51 ಅಥವಾ ಹೆಚ್ಚು ನೌಕರರಿರುವ ಸಂಸ್ಥೆಗಳಲ್ಲಿ ವಾರಕ್ಕೆ 20 ಗಂಟೆ ದುಡಿಯುವವರೂ ವಿಮೆಗೆ ಸೇರತಕ್ಕದ್ದು. ಸಣ್ಣ ಶಾಲೆಗಳಲ್ಲಿ ಹಳೆಯ ಮುಕ್ಕಾಲರ ಲೆಕ್ಕವೇ ನಡೆದಿದೆ.

ಹಾಗಾದರೆ ‘ಕೆಲಸದ ಹೊತ್ತು’ ಎಂದರೆ ಯಾವುದು? ಈ ಪ್ರಶ್ನೆಗೆ ಜಪಾನಿನ ಸರ್ವೋಚ್ಚ ನ್ಯಾಯಾಲಯ ಕೊಟ್ಟ ಉತ್ತರ ಮೇಷ್ಟರ ಮೊಕದ್ದಮೆಯಿಂದ ಬಂದದ್ದಲ್ಲ. ಬಂದದ್ದು ನಾಗಸಾಕಿಯ ಹಡಗು ಕಟ್ಟುವ ಕಾರ್ಖಾನೆಯ ಕೆಲಸಗಾರರಿಂದ. ಅವರು ಕಾರ್ಖಾನೆಯೊಳಗೆ ಕೆಲಸದ ಉಡುಪು ತೊಟ್ಟು, ರಕ್ಷಣೆಯ ಸಾಮಗ್ರಿ ಕಟ್ಟಿಕೊಂಡ ಮೇಲೆಯೇ ಕೆಲಸಕ್ಕೆ ನಿಲ್ಲಬೇಕಾಗಿತ್ತು. ಆ ಹೊತ್ತಿಗೆ ಕೂಲಿ ಇರಲಿಲ್ಲ. 2000ದ ಮಾರ್ಚ್ 9ರಂದು ನ್ಯಾಯಾಲಯ ತೀರ್ಪಿತ್ತಿತು: ಕೆಲಸಗಾರನು ಮಾಲೀಕನ ಹತೋಟಿ, ಅಪ್ಪಣೆಗಳಿಗೆ ಒಳಪಟ್ಟಿರುವ ಹೊತ್ತೇ ಕೆಲಸದ ಹೊತ್ತು, ಅದು ವಸ್ತುಸ್ಥಿತಿಯಿಂದ ನಿರ್ಧಾರವಾಗತಕ್ಕದ್ದೇ ಹೊರತು ಕರಾರಿನಲ್ಲಿ ಏನು ಬರೆದಿದೆ ಎಂಬುದರಿಂದ ಅಲ್ಲ. ಬಟ್ಟೆ ತೊಡುವ ಹೊತ್ತಿಗೆ ಕೂಲಿ ದೊರೆಯಿತು. ಕೆಲಸ ಮುಗಿದ ಮೇಲಿನ ಸ್ನಾನಕ್ಕೆ ದೊರೆಯಲಿಲ್ಲ. ನ್ಯಾಯಾಲಯವೂ ತಕ್ಕಡಿ ಹಿಡಿದೇ ತೂಗಿತು.

ಎರಡು ವರ್ಷದ ಮೇಲೆ, 2002ರ ಫೆಬ್ರವರಿ 28ರಂದು, ಕಟ್ಟಡ ಕಾಯುವವರ ಸರದಿ ಬಂತು. ರಾತ್ರಿ ಪಾಳಿಯಲ್ಲಿ ಅವರಿಗೆ ಮಲಗಲು ಕೆಲವು ಗಂಟೆ ಬಿಡುವು ಇತ್ತು. ಆದರೆ ಎಚ್ಚರಿಕೆಯ ಗಂಟೆ ಬಾರಿಸಿದರೆ, ಟೆಲಿಫೋನು ಕೂಗಿದರೆ ಏಳಲೇಬೇಕು. ಕರೆದರೆ ಏಳಬೇಕಾದವನ ನಿದ್ದೆಯೂ ಕೆಲಸದ ಹೊತ್ತೇ ಎಂದು ನ್ಯಾಯಾಲಯ ಹೇಳಿತು. ನಮ್ಮ ವಾಚನಾಲಯಕ್ಕೆ ಬರುವವರಲ್ಲಿ ರಾತ್ರಿ ಕಾವಲಿನವರು ಇಬ್ಬರು ಮೂವರು ಇದ್ದಾರೆ. ಅವರಿಗೆ ಇದನ್ನು ಓದಿ ಹೇಳಿದಾಗ ಒಬ್ಬರು ಇನ್ನೊಮ್ಮೆ ಓದಿಸಿದರು.

ಈ ತಕ್ಕಡಿಯಲ್ಲಿ ಮೇಷ್ಟರ ಹತ್ತು ನಿಮಿಷವನ್ನು ಇಡಿ. ಆ ಬಿಡುವಿನಲ್ಲಿ ಹೊರಗೆ ಹೋಗಿ ಬೀಡಿ ಸೇದಿ ಬರುವ ಸ್ವಾತಂತ್ರ್ಯವಿದ್ದರೆ ಅದು ವಿರಾಮ. ಕಡತ ಬರೆ, ಮುಂದಿನವನನ್ನು ಕರೆ ಎಂಬ ಅಪ್ಪಣೆ ಇದ್ದರೆ ಅದು ಕೆಲಸ. ಹದಿನೈದು ನಿಮಿಷ ಮುಂಚೆ ಬಾರದವನ ಸಂಬಳ ಹಿಡಿಯುವ ಶಾಲೆ, ಮುಂಚೆ ಬಂದ ಹದಿನೈದು ನಿಮಿಷ ಕೆಲಸವಲ್ಲ ಎನ್ನಲು ಯಾವ ಬಾಯಿ ಇದೆ?

ಕೂಲಿಯ ದರದಲ್ಲಿ ಎರಡು ಮೆಟ್ಟಿಲು ಇವೆ, ಇವುಗಳನ್ನು ಬೆರೆಸಬಾರದು. 1947ರ ಶ್ರಮ ಮಾನದಂಡ ಕಾಯಿದೆಯ 32ನೆಯ ಕಲಮಿನಂತೆ ದಿನಕ್ಕೆ 8, ವಾರಕ್ಕೆ 40 ಗಂಟೆ ಮಿತಿ. ಕರಾರಿನ ಗಂಟೆ ಮೀರಿದರೂ ಈ ಮಿತಿಯೊಳಗೆ ಇದ್ದರೆ ಸಾಮಾನ್ಯ ದರದ ಕೂಲಿ ಕೇಳಬಹುದು. ನಮ್ಮ ಲೆಕ್ಕದ ಮೇಷ್ಟರು ಇಲ್ಲಿದ್ದಾರೆ. ಮಿತಿಯನ್ನೇ ದಾಟಿದರೆ 37ನೆಯ ಕಲಮಿನಂತೆ ಕನಿಷ್ಠ ಶೇಕಡ 25 ಹೆಚ್ಚಳ. ತಿಂಗಳಿಗೆ 60 ಗಂಟೆ ಮೀರಿದ ಓವರ್‌ಟೈಮಿಗೆ ಶೇಕಡ 50. ದಿನದಿನವೂ ಹತ್ತು ಹದಿನೈದು ನಿಮಿಷಗಳನ್ನು ‘ಚಿಲ್ಲರೆ’ ಎಂದು ಕತ್ತರಿಸುವಂತಿಲ್ಲ. ಕಾಯಿದೆಗಿಂತ ಕೆಳಗಿಳಿದ ಕರಾರಿನ ಭಾಗ ಸಹಿ ಹಾಕಿದ್ದರೂ ಅನೂರ್ಜಿತ (13ನೆಯ ಕಲಮು). ರಾಷ್ಟ್ರೀಯತೆಯ ಕಾರಣದಿಂದ ಭೇದ ಮಾಡಕೂಡದು (3ನೆಯದು). ಮೇಷ್ಟರನ್ನು ನೌಕರನೆನ್ನದೆ ‘ಸ್ವತಂತ್ರ ಗುತ್ತಿಗೆದಾರ’ ಎಂದು ಬರೆಯುವ ಕರಾರುಗಳೂ ಉಂಟು. ಅಂಥದ್ದು ಕಂಡರೆ ಎರಡು ಸಲ ಯೋಚಿಸಿ, ಏಕೆಂದರೆ ಆಗ ಮೊದಲು ‘ನಾನು ನೌಕರ’ ಎಂಬುದನ್ನೇ ಸಾಧಿಸಬೇಕಾಗುತ್ತದೆ.

ಸ್ವದೇಶದ ಮೇಷ್ಟರುಗಳಾದರೂ ಸುಖವಾಗಿದ್ದಾರೆಯೇ ಎಂದರೆ ಅದೂ ಇಲ್ಲ. ಜಪಾನಿನ ಸರಕಾರಿ ಶಾಲೆಗಳ ಉಪಾಧ್ಯಾಯರಿಗೆ 1971ರ ಒಂದು ವಿಶೇಷ ಕಾಯಿದೆಯಿಂದ ಓವರ್‌ಟೈಮಿನ ಬದಲು ಸಂಬಳದ ಶೇಕಡ 4 ಮಾತ್ರ ಸೇರಿಸಿ ಕೊಡುತ್ತಿದ್ದರು. 1966ರ ಸಮೀಕ್ಷೆಯಲ್ಲಿ ಹೆಚ್ಚುವರಿ ಕೆಲಸ ತಿಂಗಳಿಗೆ ಸುಮಾರು 8 ಗಂಟೆ ಎಂದು ಕಂಡದ್ದೇ ಅದಕ್ಕೆ ಆಧಾರ. 2018ರ ಅಂತರರಾಷ್ಟ್ರೀಯ ಸಮೀಕ್ಷೆಯ ಹೊತ್ತಿಗೆ ಅಲ್ಲಿಯ ಮಾಧ್ಯಮಿಕ ಶಾಲೆಯ ಉಪಾಧ್ಯಾಯರು ವಾರಕ್ಕೆ 56 ಗಂಟೆ ದುಡಿಯುತ್ತಿದ್ದರು. 2025ರಲ್ಲಿ ಕಾಯಿದೆ ತಿದ್ದಿ ಆ 4ನ್ನು ಮೆಟ್ಟಿಲು ಮೆಟ್ಟಿಲಾಗಿ 10ಕ್ಕೆ ಏರಿಸಲು ತೀರ್ಮಾನಿಸಿದರು. ಖಾಸಗಿ ಏಕಾಯ್ವದ ಮೇಷ್ಟರಿಗೆ ಈ ವಿಶೇಷ ಕಾಯಿದೆ ಅನ್ವಯಿಸುವುದಿಲ್ಲ. ಅವರು ಎಲ್ಲ ಕಾರ್ಮಿಕರಂತೆ ಕಾರ್ಮಿಕರು. ಇದೊಂದು ವಿಷಯದಲ್ಲಿ ಅವರೇ ಮೇಲು. ನಮ್ಮಲ್ಲಿಯಾದರೋ 1988ರಲ್ಲಿ ಸುಪ್ರೀಂ ಕೋರ್ಟು, ಗೋವೆಯ ಒಬ್ಬ ಉಪಾಧ್ಯಾಯಿನಿಯ ಮೊಕದ್ದಮೆಯಲ್ಲಿ, ಶಾಲೆಯ ಉಪಾಧ್ಯಾಯರು ಕೈಗಾರಿಕಾ ವಿವಾದಗಳ ಕಾಯಿದೆಯ ಅರ್ಥದಲ್ಲಿ ‘ಕಾರ್ಮಿಕರು’ ಅಲ್ಲ ಎಂದು ತೀರ್ಮಾನಿಸಿತ್ತು. ಗುರುವೆಂದು ಕೈಮುಗಿಯುವ ನಾಡಿನಲ್ಲಿ ಗುರುವಿನ ಗಂಟೆ ಎಣಿಸುವುದು ಅಸಭ್ಯವೆಂದು ತೋರುತ್ತದೆಯೋ ಏನೋ.

ಹಕ್ಕು ಇದ್ದರೆ ಸಾಲದು, ಸಾಕ್ಷಿ ಬೇಕು. ಒಂದು ಸಣ್ಣ ಟಿಪ್ಪಣಿ ಪುಸ್ತಕದಲ್ಲಿ ಪ್ರತಿದಿನ ಬಂದ ಹೊತ್ತು, ಹೋದ ಹೊತ್ತು, ಬಿಡುವಿನಲ್ಲಿ ಮಾಡಿದ ಕೆಲಸ, ಹೇಳಿದವರು ಯಾರು ಎಂಬುದನ್ನು ಆಯಾ ದಿನವೇ ಬರೆಯಬೇಕು. ತಿಂಗಳ ಕೊನೆಗೆ ನೆನಪಿನಿಂದ ಬರೆದದ್ದಕ್ಕೆ ತೂಕ ಕಡಿಮೆ. ಪಾಳಿಯ ಪಟ್ಟಿಯ ಛಾಯಾಚಿತ್ರ, ಸಂಬಳದ ಚೀಟಿ, ರೈಲಿನ ಕಾರ್ಡಿನಲ್ಲಿ ದಾಖಲಾದ ಹೊತ್ತು, ಇವೆಲ್ಲ ಆ ಪುಸ್ತಕಕ್ಕೆ ಬೆಂಬಲ. ದೂರು ಕೊಡುವ ಸ್ಥಳ ಶ್ರಮ ಮಾನದಂಡ ತಪಾಸಣೆ ಕಚೇರಿ, ಶುಲ್ಕವಿಲ್ಲ. ದೂರಿತ್ತವನನ್ನು ಅದೇ ಕಾರಣಕ್ಕೆ ಕೆಲಸದಿಂದ ತೆಗೆಯಕೂಡದೆಂದು 104ನೆಯ ಕಲಮು ಹೇಳುತ್ತದೆ. 2020ರ ಏಪ್ರಿಲ್ 1ರಿಂದೀಚೆಗೆ ಬಾಕಿಯಾದ ಸಂಬಳಕ್ಕೆ ವಾಯಿದೆ ಮೂರು ವರ್ಷ. ಪ್ರತಿ ತಿಂಗಳ ಬಾಕಿಗೂ ಬೇರೆ ಬೇರೆಯಾಗಿ ಲೆಕ್ಕ. ಸುಮ್ಮನೆ ಕುಳಿತವನ ಹಳೆಯ ತಿಂಗಳುಗಳು ಒಂದೊಂದಾಗಿ ಉದುರುತ್ತವೆ. ಒಬ್ಬಂಟಿಯಾದವನು ಸಂಘಕ್ಕೆ ಸೇರಬಹುದು. ಓಸಾಕಾದಲ್ಲಿ 1991ರಿಂದ ‘ಜನರಲ್ ಯೂನಿಯನ್’ ಎಂಬ ಸಂಘ ಪರದೇಶದ ಉಪಾಧ್ಯಾಯರನ್ನು ಸೇರಿಸಿಕೊಂಡು ಕೆಲಸ ಮಾಡುತ್ತಿದೆ.

ಬಾಯಿ ಕಟ್ಟಿಸುವುದು ಬಹುಮಟ್ಟಿಗೆ ವೀಸಾದ ಭಯ. ‘ಕೆಲಸ ಬಿಟ್ಟರೆ ನಾಳೆಯೇ ಊರಿಗೆ’ ಎಂದು ಮಾಲೀಕನು ಹೇಳಿದರೆ ಅದು ಪೂರ್ತಿ ನಿಜವಲ್ಲ. ವಾಸದ ಪರವಾನಗಿ ಸರಕಾರ ಕೊಟ್ಟದ್ದು, ಶಾಲೆ ಕೊಟ್ಟದ್ದಲ್ಲ. ಕೆಲಸ ಬದಲಾದರೆ 14 ದಿನದೊಳಗೆ ವಲಸೆ ಕಚೇರಿಗೆ ತಿಳಿಸತಕ್ಕದ್ದು, ಅದೇ ಬಗೆಯ ಬೇರೆ ಕೆಲಸ ಹಿಡಿಯತಕ್ಕದ್ದು. ಕೆಲಸವಿಲ್ಲದೆ ಮೂರು ತಿಂಗಳು ಮೀರಿದರೆ ಪರವಾನಗಿಗೆ ಅಪಾಯವುಂಟು, ಆದ್ದರಿಂದ ಕೈಯಲ್ಲಿ ಅಷ್ಟು ದಿನದ ಖರ್ಚು ಇರಲಿ. ಶಾಲೆಯೇ ಮುಳುಗುವುದೂ ಉಂಟು. 2007ರ ಅಕ್ಟೋಬರಿನಲ್ಲಿ ‘ನೋವಾ’ ಎಂಬ ಅತಿ ದೊಡ್ಡ ಏಕಾಯ್ವ ಸಂಸ್ಥೆ ದಿವಾಳಿಯಾದಾಗ ಸಾವಿರಾರು ಪರದೇಶಿ ಮೇಷ್ಟರು ಸಂಬಳವಿಲ್ಲದೆ ನಿಂತರು. ಇಂಥ ಸಂದರ್ಭದಲ್ಲಿ ಬಾಕಿ ಸಂಬಳದ ಶೇಕಡ 80ನ್ನು ಒಂದು ಮಿತಿಯೊಳಗೆ ಮುಂಗಡವಾಗಿ ಕೊಡುವ ಸರಕಾರಿ ವ್ಯವಸ್ಥೆ ಇದೆ. ಆದರೆ ಅಲ್ಲಿಯೂ ಕೇಳುವ ಮೊದಲ ಮಾತು: ಎಷ್ಟು ದುಡಿದಿರಿ, ದಾಖಲೆ ಎಲ್ಲಿ?

ನಮ್ಮ ತರುಣನಿಗೆ ಸಹಿ ಮಾಡಬೇಡ ಎಂದು ನಾನು ಹೇಳಲಿಲ್ಲ. ಮನೆಯಲ್ಲಿ ತಂಗಿಯ ಓದಿನ ಖರ್ಚಿದೆ, ಊರಲ್ಲಿ ಸೊಸೈಟಿಯ ಸಾಲವಿದೆ. ಪುಕ್ಕಟೆ ಬುದ್ಧಿ ಹೇಳುವವನಿಗೆ ಅದು ಕಾಣುವುದಿಲ್ಲ. ಇಬ್ಬರೂ ಕುಳಿತು ಶಾಲೆಗೆ ಒಂದು ಕಾಗದ ಬರೆದೆವು. ಮೂರೇ ಪ್ರಶ್ನೆ: 29.5 ಗಂಟೆಯಲ್ಲಿ ಪಾಠಗಳ ನಡುವಿನ ಬಿಡುವು ಸೇರಿದೆಯೇ? ಬಂದು ಹೋಗುವ ಹೊತ್ತನ್ನು ಯಾವುದರಲ್ಲಿ ದಾಖಲಿಸುತ್ತೀರಿ? ಹೆಚ್ಚುವರಿ ಕೆಲಸವಾದರೆ ಗಂಟೆಗೆ ಎಷ್ಟು, ಸಂಬಳದ ಚೀಟಿಯಲ್ಲಿ ಯಾವ ಸಾಲಿನಲ್ಲಿ ತೋರಿಸುತ್ತೀರಿ? ವಿನಯದ ಮಾತಿನಲ್ಲಿಯೇ ಬರೆದೆವು, ಎಲ್ಲಿಯೂ ಗದರಲಿಲ್ಲ.

ಒಂಬತ್ತನೆಯ ದಿನ ಉತ್ತರ ಬಂತು. ಬಿಡುವು ಸೇರಿಲ್ಲವಂತೆ. ದಾಖಲಿಸಲು ಯಂತ್ರ ಇದೆಯಂತೆ. ಕಾರ್ಡು ಒತ್ತಿದರೆ ಹೊತ್ತು ಬೀಳುತ್ತದಂತೆ. ಮೂರನೆಯದಕ್ಕೆ ‘ಇಲ್ಲಿಗೆ ಬಂದ ಮೇಲೆ ವಿವರಿಸುತ್ತೇವೆ’ ಎಂದಿದ್ದಾರೆ. ಆ ಒಂದು ಸಾಲನ್ನು ಬರೆದುಕೊಡಿ ಎಂದು ಅವನು ಮತ್ತೆ ಕಾಗದ ಹಾಕಿದ್ದಾನೆ. ಇದು ಅಚ್ಚಿಗೆ ಹೋಗುವ ತನಕ ಜವಾಬು ಬಂದಿಲ್ಲ. ಕರಾರು ಪತ್ರ ಸಹಿ ಇಲ್ಲದೆ ಅವನ ಪೆಟ್ಟಿಗೆಯಲ್ಲಿದೆ.