ವ್ಯಾನಿಗೆ ಇಲಿ ಹೊಕ್ಕಾಗ: ಒಂದು ಲೆಕ್ಕದ ಪಾಠ

ಗೋಮಟ ಬೆಟ್ಟ, ಚತುರ್ಮುಖ ಬಸದಿ, ಅತ್ತೂರು ಚರ್ಚ್ ನೋಡಲು ಬರುವವರನ್ನು ಅಬ್ಬಾ ತಮ್ಮ ವ್ಯಾನಿನಲ್ಲಿ ಕರೆದೊಯ್ಯುತ್ತಾರೆ. ಮಳೆಗಾಲದಲ್ಲಿ ಬಾಡಿಗೆ ಇಲ್ಲದೆ ವ್ಯಾನ್ ಎರಡು ತಿಂಗಳು ಶೆಡ್ಡಿನಲ್ಲೇ ಇತ್ತು. ಮೊದಲ ಬಾಡಿಗೆಯ ದಿನ ಸ್ಟಾರ್ಟ್ ಆಗಲಿಲ್ಲ. ಬಾನೆಟ್ ಎತ್ತಿದರೆ ವಯರುಗಳು ತುಂಡಾಗಿದ್ದವು, ಸೀಟಿನ ಸ್ಪಂಜಿನಿಂದ ಇಲಿ ಗೂಡು ಕಟ್ಟಿತ್ತು. ಬಾಡಿಗೆ ಹೋಯಿತು. ರಿಪೇರಿಯ 6,800 ರೂಪಾಯಿ ನನ್ನ ಫೀಸಿಗೆ ಇಟ್ಟ ಹಣದಿಂದ ಹೋಯಿತು.

ಇಲಿಯ ಬಾಚಿಹಲ್ಲು ಜೀವನಪೂರ್ತಿ ಬೆಳೆಯುತ್ತದೆ, ಕಚ್ಚಿ ಸವೆಸಲೇಬೇಕು. ಅದನ್ನು ಕರೆದವರು ನಾವೇ. ಕೋಳಿಗೆ ಹಾಕುವ ಅಕ್ಕಿನುಚ್ಚಿನ ಚೀಲ ಅದೇ ಶೆಡ್ಡಿನಲ್ಲಿತ್ತು.

ಶುಚಿ ಮಾಡುವಾಗ ಗಮನಿಸಿ:
1. ಮೊದಲು ಬ್ಯಾಟರಿ ಕಳಚಿ.
2. ಹಿಕ್ಕೆಯನ್ನು ಒಣಗಿದ್ದಾಗ ಗುಡಿಸಬೇಡಿ. ಗ್ಲೌಸ್, ಮಾಸ್ಕ್ ಹಾಕಿ, ಬ್ಲೀಚಿಂಗ್ ಪುಡಿಯ ನೀರಿನಿಂದ ನೆನೆಸಿ ಒರೆಸಿ. ಇಲಿಜ್ವರ ಇಲಿಯ ಮೂತ್ರದಿಂದ ಹರಡುತ್ತದೆ.
3. ವಿಷ ಇಡಬೇಡಿ, ಸತ್ತ ಇಲಿ ಒಳಗೇ ಕೊಳೆಯುತ್ತದೆ. ಬೋನು ಇಡಿ.
4. ರಂಧ್ರಗಳಿಗೆ ಕಬ್ಬಿಣದ ಜಾಲರಿ ಹಾಕಿ. ವಾರಕ್ಕೊಮ್ಮೆ ಬಾನೆಟ್ ತೆರೆದು ನೋಡಿ.

ಈಗ ಲೆಕ್ಕ. ಈ ರಿಪೇರಿ ವ್ಯಾನನ್ನು ಹಳೆಯ ಸ್ಥಿತಿಗೆ ತಂದಿತೇ ಹೊರತು ಅದರ ಬೆಲೆ ಹೆಚ್ಚಿಸಲಿಲ್ಲ. ಹಾಗಾಗಿ ಇದು ಬಂಡವಾಳ ವೆಚ್ಚವಲ್ಲ, ರೆವಿನ್ಯೂ ವೆಚ್ಚ. ಲಾಭ-ನಷ್ಟ ಖಾತೆಗೆ ಹೋಗುತ್ತದೆ. ವಿಮೆ? ನಮ್ಮದು ಥರ್ಡ್ ಪಾರ್ಟಿ ಮಾತ್ರ. 1988ರ ಮೋಟಾರು ವಾಹನ ಕಾಯ್ದೆಯಂತೆ ಅದು ಕಡ್ಡಾಯ, ಆದರೆ ಬೇರೆಯವರಿಗಾದ ಹಾನಿಗೆ ಮಾತ್ರ. ಕೈತಪ್ಪಿದ ಬಾಡಿಗೆಗೆ ಲೆಡ್ಜರಿನಲ್ಲಿ ಜಾಗವೇ ಇಲ್ಲ. ಅಬ್ಬಾಗೆ ಹೆಚ್ಚು ನೋವಾದದ್ದು ಅದರಿಂದಲೇ.

ಜಾಲರಿಗೆ 400 ರೂಪಾಯಿ ಆಯಿತು. ಮೇ ತಿಂಗಳಲ್ಲೇ ಆ ಖರ್ಚು ಮಾಡಿದ್ದರೆ ನನ್ನ ಫೀಸು ಉಳಿಯುತ್ತಿತ್ತು.