ಕಡಲ ದಂಡೆಯಲ್ಲಿ ಚಿಪ್ಪು ಆರಿಸುವ ಮುನ್ನ

ಸಂತೆಬಾಚಹಳ್ಳಿಯಿಂದ ಧರ್ಮಸ್ಥಳ, ಉಡುಪಿಗೆ ಪ್ರವಾಸ ಹೊರಟ ಬಸ್ಸು ಮಲ್ಪೆಗೋ ಮುರ್ಡೇಶ್ವರಕ್ಕೋ ಹೋಗದೆ ಹಿಂದಿರುಗುವುದು ಕಡಿಮೆ. ಗದ್ದೆ ಬದುವಿನ ಬಸವನಹುಳುವನ್ನು ಬರಿಗೈಲಿ ಎತ್ತಿ ಎಸೆಯುವ ನಮ್ಮ ಮಕ್ಕಳಿಗೆ, ಕಡಲಲ್ಲಿರುವ ಅದರ ನೆಂಟ ವಿಷ ಚುಚ್ಚಿ ಮೀನು ಹಿಡಿಯುತ್ತದೆ ಎಂದರೆ ನಗು ಬಂದೀತು. ಹೊರಡುವ ಮೊದಲೇ ಹೇಳಿಬಿಡಿ.

ಅದರ ಹೆಸರು ಕೋನ್ ಬಸವನಹುಳು. ಚಿಪ್ಪು ಒಂದು ಕಡೆ ಅಗಲ, ಇನ್ನೊಂದು ಕಡೆ ಚೂಪು. ಬಾಯಿ ಉದ್ದನೆಯ ಸೀಳು. ಬಣ್ಣ, ಚಿತ್ತಾರ ನೋಡಿ ಗುರುತಿಸಲು ಹೋಗಬೇಡಿ, ಜೀವಂತ ಹುಳುವಿನ ಚಿತ್ತಾರವನ್ನು ಕಂದು ಪೊರೆ ಮುಚ್ಚಿರುವುದುಂಟು. ಹೆಚ್ಚಿನ ಜಾತಿಗಳು ಸಮುದ್ರದ ಹುಳು ತಿಂದು ಬದುಕುತ್ತವೆ. ಆದರೆ ಮೀನು ತಿನ್ನುವ ಕೋನಸ್ ಜಿಯಾಗ್ರಫಸ್ ಮನುಷ್ಯರನ್ನೂ ಕೊಂದಿದೆ. ಅದು ಹವಳದ ದಿಬ್ಬಗಳ ವಾಸಿ. ಲಕ್ಷದ್ವೀಪ, ಅಂಡಮಾನಿಗೆ ಹೋಗುವವರು ಇನ್ನಷ್ಟು ಎಚ್ಚರವಾಗಿರಬೇಕು.

ಒಣ ಮರಳಿನ ಮೇಲೆ ಬಿದ್ದ, ಒಳಗೆ ಖಾಲಿ ಎಂದು ಕಣ್ಣಿಗೆ ಕಾಣುವ ಚಿಪ್ಪನ್ನಷ್ಟೇ ಆರಿಸಿ. ನೀರಿನಲ್ಲಿರುವುದನ್ನು, ಬಂಡೆಯ ಸಂದಿಯಲ್ಲಿರುವುದನ್ನು ಮುಟ್ಟಬೇಡಿ. ಅಗಲದ ತುದಿ ಹಿಡಿದರೆ ಏನೂ ಆಗದು ಎಂಬುದು ಸುಳ್ಳು ಧೈರ್ಯ: ಸೊಂಡಿಲು ಚಾಚಿ ಅಲ್ಲಿಗೂ ಚುಚ್ಚಬಲ್ಲದು. ಚುಚ್ಚುವುದು ಟೊಳ್ಳಾದ ಹಲ್ಲಿನಿಂದ. ಅದು ಬಟ್ಟೆಯನ್ನೂ ತೂರುತ್ತದೆ. ಹಾಗಾಗಿ ಜೇಬಿಗೆ ಹಾಕಿಕೊಳ್ಳುವುದಂತೂ ಬೇಡವೇ ಬೇಡ.

ಚುಚ್ಚಿತೆಂದು ಅನುಮಾನ ಬಂದರೆ ನೋವಿಗಾಗಿ ಕಾಯಬೇಡಿ. ಹೆಚ್ಚು ಅಪಾಯದ ಹುಳು ಚುಚ್ಚಿದಾಗಲೇ ನೋವು ಕಮ್ಮಿ ಇರಬಹುದು. ಜೋಮು, ಕಣ್ಣಿಗೆ ಒಂದು ಎರಡಾಗಿ ಕಾಣುವುದು, ತೊದಲು ಮಾತು, ಕೊನೆಗೆ ಉಸಿರಾಡುವ ಸ್ನಾಯುಗಳೇ ಸೋಲುವುದು, ಇದು ವಿಷ ಏರುವ ದಾರಿ. ಕೂಡಲೇ ಮಲಗಿಸಿ, ಕೈಯನ್ನೋ ಕಾಲನ್ನೋ ಅಲುಗಾಡಿಸದೆ ಕ್ರೇಪ್ ಬ್ಯಾಂಡೇಜ್ ಸುತ್ತಿ, ಆಸರೆಗೆ ಮರದ ಪಟ್ಟಿ ಕಟ್ಟಿ. ಬೆರಳು ನೀಲಿಗಟ್ಟುವಷ್ಟು ಬಿಗಿ ಬೇಡ. ಹಗ್ಗ ಬಿಗಿಯುವುದು, ಕೊಯ್ಯುವುದು, ಬಾಯಿಂದ ಹೀರುವುದು ಯಾವುದೂ ಬೇಡ. 108ಕ್ಕೆ ಕರೆ ಮಾಡಿ. ದಾರಿಯಲ್ಲಿ ಉಸಿರು ನಿಂತರೆ ಬಾಯಿಗೆ ಬಾಯಿಟ್ಟು ಉಸಿರು ಕೊಡಬೇಕು.

ಈ ಹುಳುವಿನ ವಿಷಕ್ಕೆ ಪ್ರತಿವಿಷ ಇಲ್ಲ. ಹಾವಿನ ವಿಷದ ಚುಚ್ಚುಮದ್ದು ಕೆಲಸ ಮಾಡದು. ವಿಷ ಇಳಿಯುವವರೆಗೂ ಉಸಿರಾಟ ನಡೆಸುವುದೇ ಚಿಕಿತ್ಸೆ. ಆದ್ದರಿಂದ ವೆಂಟಿಲೇಟರ್ ಇರುವ ಆಸ್ಪತ್ರೆಗೇ ಸಾಗಿಸಿ. ಮಲ್ಪೆಯಲ್ಲಾದರೆ ಉಡುಪಿ, ಮಣಿಪಾಲ ಹತ್ತಿರ. ಚುಚ್ಚಿದ ಹುಳುವಿನ ಫೋಟೊ ಇದ್ದರೆ ವೈದ್ಯರಿಗೆ ತೋರಿಸಿ; ಅದಕ್ಕಾಗಿ ಮತ್ತೆ ನೀರಿಗೆ ಕೈ ಹಾಕಬೇಡಿ. ಮಗು ಚೆನ್ನಾಗಿಯೇ ಇದೆ ಎನ್ನಿಸಿದರೂ, ವೈದ್ಯರು ಕಳಿಸುವವರೆಗೆ ಬಸ್ಸು ಹತ್ತಿಸಬೇಡಿ.